ರಕ್ತದ ಹೆಪ್ಪಿಗೆ ಲೇಸರ್ ಮತ್ತು ಅಲ್ಟ್ರಾಸೌಂಡ್ ಚಿಕಿತ್ಸೆ: ಆಳಂದ, ಅಫಜಲಪುರ, ಜೇವರ್ಗಿಯ ಹಿನ್ನೆಲೆಯಲ್ಲಿ

ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ಆ ಹೆಪ್ಪನ್ನು ಕರಗಿಸಲು ಇಲ್ಲವೇ ಒಡೆಯಲು ಲೇಸರ್ ಬೆಳಕನ್ನೂ ಅಲ್ಟ್ರಾಸೌಂಡ್ ಎಂಬ ಶ್ರವಣಾತೀತ ಧ್ವನಿಯನ್ನೂ ಬಳಸುವ ವಿಧಾನಗಳು ಕಳೆದ ಅರ್ಧ ಶತಮಾನದಲ್ಲಿ ರೂಪುಗೊಂಡಿವೆ. ಇವುಗಳಲ್ಲಿ ಕೆಲವು ದೊಡ್ಡ ಆಸ್ಪತ್ರೆಗಳ ಕ್ಯಾಥ್ ಲ್ಯಾಬ್ ಎಂಬ, ನಾಳದೊಳಗಿನಿಂದ ಚಿಕಿತ್ಸೆ ಮಾಡುವ ಕೊಠಡಿ ಸೇರಿವೆ, ಕೆಲವು ಪರೀಕ್ಷೆಯಲ್ಲಿ ಸೋತು ಹಿಂದೆ ಸರಿದಿವೆ, ಇನ್ನು ಕೆಲವು ಪ್ರಯೋಗಾಲಯದ ಗಾಜಿನ ಕೊಳವೆಯಿಂದ ಹೊರಗೆ ಬಂದಿಲ್ಲ. ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣಕ್ಕಿರುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಈ ವಿಧಾನಗಳ ಬೆಲೆ ಬೇರೆಯಾಗಿ ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಕ್ಯಾಥ್ ಲ್ಯಾಬ್‌ವರೆಗಿನ ದಾರಿ ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿ.ಮೀ., ಅಫಜಲಪುರದಿಂದ ಸುಮಾರು 60 ಕಿ.ಮೀ. ಹಳ್ಳಿಯಿಂದ ತಾಲ್ಲೂಕು ಕೇಂದ್ರ ತಲುಪುವ ದಾರಿ ಇದರ ಲೆಕ್ಕಕ್ಕೆ ಸೇರಿಲ್ಲ. ಹೆಪ್ಪಿನ ಚಿಕಿತ್ಸೆಯಲ್ಲಿ ಬೆಳಕು ಮತ್ತು ಧ್ವನಿ ಇವತ್ತಿನವರೆಗೆ ಆಯುಧಗಳಾಗಿ ಮಾಡಿರುವುದಕ್ಕಿಂತ ಹೆಚ್ಚಿನ ಉಪಕಾರವನ್ನು ಕಣ್ಣುಗಳಾಗಿ ಮಾಡಿವೆ ಎಂಬುದು ಈ ಲೇಖನದ ನಿಲುವು. ಈ ಮೂರು ತಾಲ್ಲೂಕುಗಳ ಮಟ್ಟಿಗಂತೂ ಈ ಮಾತಿಗೆ ಎರಡಿಲ್ಲ.

ಹೆಪ್ಪು ಎಲ್ಲಿ, ಏಕೆ

ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಮನುಷ್ಯ ಬದುಕಲಾರ. ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುತ್ತವೆ, ರಕ್ತದಲ್ಲಿ ಕರಗಿದ್ದ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಬದಲಾಗುತ್ತದೆ, ಆ ಎಳೆಗಳ ನಡುವೆ ಕೆಂಪು ಕಣಗಳು ಸಿಕ್ಕಿಬೀಳುತ್ತವೆ. ಇದೇ ಕ್ರಿಯೆ ಗಾಯವಿಲ್ಲದ ಕಡೆ, ನಾಳದ ಒಳಗೆ ನಡೆದಾಗ ರೋಗವಾಗುತ್ತದೆ. ಹರಿವು ನಿಧಾನವಾಗುವುದು, ನಾಳದ ಒಳಗೋಡೆ ಕೆಡುವುದು, ರಕ್ತದ ಗುಣವೇ ಬದಲಾಗುವುದು ಎಂಬ ಮೂರು ಕಾರಣಗಳನ್ನು ಜರ್ಮನಿಯ ರುಡಾಲ್ಫ್ ಫಿರ್ಕೊ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಾಡಿದ ಅಧ್ಯಯನಗಳ ಆಧಾರದ ಮೇಲೆ ವೈದ್ಯರು ಇಂದಿಗೂ ಎಣಿಸುತ್ತಾರೆ.

ಹೃದಯದ ಕೊರೋನರಿ ಧಮನಿಯಲ್ಲಿ ಕೊಬ್ಬಿನ ಪದರ ಒಡೆದು ಅದರ ಮೇಲೆ ಹೆಪ್ಪು ಕೂತರೆ ಹಾರ್ಟ್ ಅಟ್ಯಾಕ್. ಮಿದುಳಿನ ಧಮನಿಯಲ್ಲಿ ಕೂತರೆ ಪಾರ್ಶ್ವವಾಯು. ಈ ಭಾಗದ ಮಾತಿನಲ್ಲಿ ಹೇಳುವುದಾದರೆ ‘ಲಕ್ವಾ ಹೊಡೀತು’. ಕಾಲಿನ ಒಳಸಿರೆಯಲ್ಲಿ ಕೂತ ಹೆಪ್ಪು ಕಾಲನ್ನು ಊದಿಸುತ್ತದೆ. ಅಲ್ಲಿಂದ ಒಂದು ತುಂಡು ಕಿತ್ತು ಮೇಲೇರಿ ಶ್ವಾಸಕೋಶದ ಧಮನಿಗೆ ಅಡ್ಡವಾದರೆ ನಡೆದಾಡುತ್ತಿದ್ದವರು ಕುಸಿದುಬೀಳುತ್ತಾರೆ. ಧಮನಿಯ ಹೆಪ್ಪಿನಲ್ಲಿ ಪ್ಲೇಟ್‌ಲೆಟ್ ಪಾಲು ಹೆಚ್ಚು, ಬಣ್ಣ ಬೆಳ್ಳಗೆ. ಸಿರೆಯ ಹೆಪ್ಪಿನಲ್ಲಿ ಕೆಂಪು ಕಣ ಮತ್ತು ಫೈಬ್ರಿನ್ ಹೆಚ್ಚು. ಯಾವ ಬೆಳಕನ್ನು ಯಾವ ಹೆಪ್ಪು ಹೀರುತ್ತದೆ ಎಂಬುದನ್ನು ಈ ವ್ಯತ್ಯಾಸ ತೀರ್ಮಾನಿಸುತ್ತದೆ. ಲೇಸರ್ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಹೆಪ್ಪಿಗೆ ದಾರಿ ಮಾಡುವ ಸಂದರ್ಭಗಳು ಇಲ್ಲಿನ ಬದುಕಿನಲ್ಲಿ ಕಡಿಮೆಯಿಲ್ಲ. ಬೀಡಿ, ತಂಬಾಕು, ಗುಟ್ಕಾ ಇವೆ. ತಪಾಸಣೆಯಾಗದ ಬಿಪಿ, ಸಕ್ಕರೆ ಕಾಯಿಲೆ ಇವೆ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗುವವರ ರಾತ್ರಿಯಿಡೀ ಕೂತ ಬಸ್ ಪ್ರಯಾಣವಿದೆ. ಸೊಂಟದ ಮೂಳೆ ಮುರಿದ ವೃದ್ಧರು ತಿಂಗಳುಗಟ್ಟಲೆ ಹಾಸಿಗೆ ಬಿಡದೆ ಮಲಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವ ನಾಡಿನಲ್ಲಿ ಮೈಯ ನೀರು ಆರಿ ರಕ್ತ ಮಂದವಾಗುವುದೂ ಉಂಟು. ಹೆರಿಗೆಯ ನಂತರದ ದಿನಗಳು ಇನ್ನೊಂದು ಅಪಾಯದ ಕಾಲ.

ಇದೇ ತಾಲ್ಲೂಕು ಆಸ್ಪತ್ರೆಗಳು ಇದಕ್ಕೆ ತೀರಾ ವಿರುದ್ಧವಾದ ಸಂಕಟವನ್ನೂ ನೋಡುತ್ತವೆ. ಹೊಲದಲ್ಲಿ ಕೊಳಕುಮಂಡಲ ಕಚ್ಚಿದವರ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳನ್ನು ವಿಷ ಮುಗಿಸಿಬಿಡುತ್ತದೆ. ಆಗ ಮಾಡುವ ಪರೀಕ್ಷೆಗೆ ಯಂತ್ರ ಬೇಡ. ಶುಭ್ರವಾದ, ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ವಾಲಿಸಿ ನೋಡುತ್ತಾರೆ. ಹೆಪ್ಪಾಗದೆ ಹರಿದರೆ ವಿಷ ಏರಿದೆ, ಪ್ರತಿವಿಷ ಕೊಡಬೇಕು ಎಂದರ್ಥ. ಹೆಪ್ಪಿನ ಎರಡು ತುದಿಗಳನ್ನೂ ಒಂದೇ ವಾರ್ಡಿನಲ್ಲಿ ನಿಭಾಯಿಸುವ ಅಲ್ಲಿನ ವೈದ್ಯರ, ನರ್ಸ್‌ಗಳ ಕೌಶಲ ನಮ್ಮ ವೈದ್ಯಕೀಯ ಬರಹಗಳಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ.

ಮೊದಲು ಬಂದದ್ದು ಔಷಧ

ಲೇಸರ್ ಮತ್ತು ಅಲ್ಟ್ರಾಸೌಂಡ್ ಯಾವುದರ ಜೊತೆ ಸ್ಪರ್ಧಿಸಬೇಕಾಯಿತು ಎಂದು ತಿಳಿಯದೆ ಅವುಗಳ ಸೋಲುಗೆಲುವು ಅರ್ಥವಾಗದು. 1933ರಲ್ಲಿ ಅಮೆರಿಕದ ವಿಲಿಯಂ ಟಿಲೆಟ್ ಮತ್ತು ಗಾರ್ನರ್, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸ್ರವಿಸುವ ವಸ್ತುವೊಂದು ಫೈಬ್ರಿನ್ ಹೆಪ್ಪನ್ನು ಕರಗಿಸುತ್ತದೆ ಎಂದು ತೋರಿಸಿದರು. ಅದೇ ಮುಂದೆ ಸ್ಟ್ರೆಪ್ಟೊಕೈನೇಸ್ ಎನಿಸಿತು. 1986ರಲ್ಲಿ ಪ್ರಕಟವಾದ ಇಟಲಿಯ ಗಿಸ್ಸಿ ಅಧ್ಯಯನದಲ್ಲಿ 11,806 ಹೃದಯಾಘಾತದ ರೋಗಿಗಳಿದ್ದರು. 21 ದಿನಗಳೊಳಗಿನ ಸಾವು ಔಷಧ ಪಡೆದವರಲ್ಲಿ ಶೇ 10.7, ಪಡೆಯದವರಲ್ಲಿ ಶೇ 13. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಹೆಪ್ಪಿನ ಚಿಕಿತ್ಸೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಸಿಗುವುದು ಕಷ್ಟ.

ಭಾರತದಲ್ಲಿ ಈ ಔಷಧವನ್ನು ಅಗ್ಗವಾಗಿಸುವ ಕೆಲಸ ಚಂಡೀಗಢದ ಸಿಎಸ್‌ಐಆರ್ ಸಂಸ್ಥೆ ಇಮ್‌ಟೆಕ್‌ನಲ್ಲಿ ಗಿರೀಶ್ ಸಾಹ್ನಿ ಅವರ ತಂಡದಿಂದ ನಡೆಯಿತು. ಅಲ್ಲಿನ ತಂತ್ರಜ್ಞಾನ ದೇಶೀಯ ಕಂಪನಿಗಳಿಗೆ ಹೋಯಿತು. ಸ್ಟ್ರೆಪ್ಟೊಕೈನೇಸ್‌ಗೆ ತೊಡಕುಗಳಿದ್ದವು. 15 ಲಕ್ಷ ಯೂನಿಟ್‌ಗಳನ್ನು ಸುಮಾರು ಒಂದು ಗಂಟೆ ಡ್ರಿಪ್‌ನಲ್ಲಿ ಹರಿಸಬೇಕು, ಬಿಪಿ ಇಳಿಯಬಹುದು, ಅಲರ್ಜಿಯಾಗಬಹುದು, ಒಮ್ಮೆ ಕೊಟ್ಟವರಿಗೆ ಮತ್ತೆ ಕೊಡುವಂತಿಲ್ಲ. ಆಮೇಲೆ ಬಂದ ಟೆನೆಕ್ಟೆಪ್ಲೇಸ್ ತೂಕಕ್ಕೆ ತಕ್ಕಂತೆ 30ರಿಂದ 50 ಮಿಲಿಗ್ರಾಂ, ಕೆಲವೇ ಸೆಕೆಂಡುಗಳಲ್ಲಿ ಒಂದೇ ಚುಚ್ಚುಮದ್ದಾಗಿ ಹೋಗುತ್ತದೆ. ದಾರಿ ದೂರವಿರುವ ಊರುಗಳಿಗೆ ಇದಕ್ಕಿಂತ ಒಪ್ಪುವ ಔಷಧವಿಲ್ಲ. ಆದರೂ ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇದಕ್ಕೂ ಇದೆ. ಧ್ವನಿ, ಬೆಳಕಿನ ಕಡೆಗೆ ಸಂಶೋಧಕರನ್ನು ಎಳೆದದ್ದು ಬಹುಮಟ್ಟಿಗೆ ಈ ರಕ್ತಸ್ರಾವದ ಭಯವೇ. ಔಷಧವನ್ನು ಕಡಿಮೆ ಮಾಡಿ, ಸಾಧ್ಯವಾದರೆ ಬಿಟ್ಟೇ, ಹೆಪ್ಪನ್ನು ಒಡೆಯಬಹುದೇ ಎಂಬ ಪ್ರಶ್ನೆ ಅವರದಾಗಿತ್ತು.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರ ಕ್ರಿಯೇಟ್ ದಾಖಲಾತಿ 2008ರಲ್ಲಿ ಪ್ರಕಟವಾಯಿತು. ದೇಶದ 89 ಆಸ್ಪತ್ರೆಗಳ 20,000ಕ್ಕೂ ಹೆಚ್ಚು ಹೃದಯಾಘಾತ ಮತ್ತು ಅದರ ಅಂಚಿನ ರೋಗಿಗಳ ವಿವರ ಅದರಲ್ಲಿತ್ತು. ನೋವು ಕಾಣಿಸಿದ ಮೇಲೆ ಆಸ್ಪತ್ರೆ ತಲುಪಲು ತಗುಲಿದ ಮಧ್ಯಮಾಂಕದ ಹೊತ್ತು 360 ನಿಮಿಷ. ಬಡವರಲ್ಲಿ 30 ದಿನಗಳ ಸಾವು ಶೇ 8.2, ಉಳ್ಳವರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ವ್ಯತ್ಯಾಸ ಬಹುಪಾಲು ಕರಗಿಹೋಯಿತು. ಅಂದರೆ ಬಡವರ ಹೃದಯ ದುರ್ಬಲವೆಂದು ಅವರು ಸತ್ತಿರಲಿಲ್ಲ. ಸಿಗಬೇಕಾದ ಚಿಕಿತ್ಸೆ ಅವರಿಗೆ ಸಿಕ್ಕಿರಲಿಲ್ಲ.

ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ಅಂತರವನ್ನೇ ಗುರಿಯಾಗಿಸಿಕೊಂಡಿದೆ. 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡ ನಟನ ಹೆಸರು ಅದಕ್ಕಿದೆ. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆದು ಕೇಂದ್ರ ಆಸ್ಪತ್ರೆಯ ತಜ್ಞರಿಗೆ ಕಳಿಸುವುದು, ಅಲ್ಲಿಂದ ಹೃದಯಾಘಾತವೆಂದು ಖಚಿತವಾದರೆ ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುವುದು, ಬಳಿಕ ಆಂಜಿಯೋಗ್ರಾಂಗೆ ಸಾಗಿಸುವುದು ಇದರ ಕ್ರಮ. ಚುಚ್ಚುಮದ್ದಿನ ನಂತರ 6ರಿಂದ 24 ಗಂಟೆಗಳೊಳಗೆ ಆಂಜಿಯೋಗ್ರಾಂ ಮಾಡಿ ಅಗತ್ಯವಿದ್ದರೆ ಸ್ಟೆಂಟ್ ಹಾಕುವ ಈ ವಿಧಾನ ಎಷ್ಟು ಸುರಕ್ಷಿತವೆಂದು 2013ರ ಸ್ಟ್ರೀಮ್ ಅಧ್ಯಯನ 1,892 ರೋಗಿಗಳಲ್ಲಿ ಪರಿಶೀಲಿಸಿತ್ತು. ಒಂದು ಗಂಟೆಯೊಳಗೆ ಸ್ಟೆಂಟ್ ಹಾಕಲಾಗದ ಕಡೆ ಅದು ನೇರ ಆಂಜಿಯೋಪ್ಲಾಸ್ಟಿಗೆ ಸರಿಸಮವಾಗಿ ನಿಂತಿತು.

ಸಾಗಿಸುವುದು ಎಲ್ಲಿಗೆ ಎಂಬುದಕ್ಕೆ ಈಗ ಉತ್ತರವಿದೆ. ಕಲಬುರಗಿಯ ಜಿಮ್ಸ್ (ಗುಲ್ಬರ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿ ನಡೆಯುತ್ತಿದ್ದ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಗೆ 371 ಹಾಸಿಗೆಗಳ ಸ್ವಂತ ಕಟ್ಟಡ ಬಂದು 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371 (ಜೆ) ವಿಧಿಯನ್ನು ಆ ಸಂಖ್ಯೆ ನೆನಪಿಸುತ್ತದೆ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಮತ್ತು ಅದರ ಬಸವೇಶ್ವರ ಆಸ್ಪತ್ರೆ, ಇಎಸ್‌ಐ ವೈದ್ಯಕೀಯ ಕಾಲೇಜು, ಖಾಜಾ ಬಂದಾನವಾಜ್ ವೈದ್ಯಕೀಯ ಸಂಸ್ಥೆ ಇವೂ ನಗರದಲ್ಲಿವೆ. ಆಳಂದ, ಅಫಜಲಪುರದ ಗಡಿಯ ಹಳ್ಳಿಗಳವರು ಇಂದಿಗೂ ಅಕ್ಕಲಕೋಟೆ ದಾಟಿ ಸೊಲ್ಲಾಪುರದ ದಾರಿ ಹಿಡಿಯುವುದುಂಟು. ನೆಂಟಸ್ತಿಕೆ, ವ್ಯಾಪಾರ, ಬಸ್ಸಿನ ಅನುಕೂಲ ಎಲ್ಲವೂ ಆ ಕಡೆ ಎಳೆಯುತ್ತವೆ. ರಾಜ್ಯದ ಗಡಿ ದಾಟಿದ ರೋಗಿಯ ಇಸಿಜಿ, ಔಷಧದ ಚೀಟಿ, ವಿಮೆಯ ಕಾರ್ಡು ಮೂರೂ ಜೊತೆಗೆ ದಾಟುವ ಏರ್ಪಾಡು ಇನ್ನೂ ಗಟ್ಟಿಯಾಗಬೇಕಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಲವು ಹಳ್ಳಿಗಳಿಗೆ ರಸ್ತೆಯೇ ಇರಲಿಲ್ಲ. ಅಂಥ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ಒಂದು ಚುಚ್ಚುಮದ್ದು ನಗರದ ಯಾವ ಕ್ಯಾಥ್ ಲ್ಯಾಬ್‌ಗಿಂತಲೂ ದೊಡ್ಡದು.

ಕಣ್ಣಾಗಿ ಧ್ವನಿ

ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳಾಚೆಗಿನ ಧ್ವನಿ ಕೇಳಿಸದು. ಸ್ಕ್ಯಾನಿಂಗ್ ಯಂತ್ರಗಳು ಬಳಸುವುದು 20 ಲಕ್ಷದಿಂದ ಕೋಟಿ ಕಂಪನಗಳ ಧ್ವನಿಯನ್ನು. ಗಡಿಯ ಊರುಗಳಲ್ಲಿ ಸೋನೋಗ್ರಫಿ ಎಂದು ಕರೆಸಿಕೊಳ್ಳುವ ಇದೇ ಯಂತ್ರ ಕಾಲಿನ ಹೆಪ್ಪನ್ನು ಕಂಡುಹಿಡಿಯುವ ಬಗೆ ಸರಳ. ತೊಡೆಸಂದಿ ಮತ್ತು ಮಂಡಿಯ ಹಿಂಬದಿಯಲ್ಲಿ ಪ್ರೋಬ್ ಇಟ್ಟು ಮೆಲ್ಲಗೆ ಒತ್ತಿದರೆ ಆರೋಗ್ಯವಂತ ಸಿರೆ ಚಪ್ಪಟೆಯಾಗಿ ಮಾಯವಾಗುತ್ತದೆ. ಒಳಗೆ ಹೆಪ್ಪಿದ್ದರೆ ಮಡಿಯುವುದಿಲ್ಲ. ಡಾಪ್ಲರ್‌ನಲ್ಲಿ ಹರಿವಿನ ದಿಕ್ಕೂ ವೇಗವೂ ಬಣ್ಣದಲ್ಲಿ ಕಾಣುತ್ತವೆ. ಎದೆಯ ಮೇಲೆ ಇಟ್ಟ ಎಕೋ, ಶ್ವಾಸಕೋಶಕ್ಕೆ ಹೆಪ್ಪು ಹೋದವರಲ್ಲಿ ಹೃದಯದ ಬಲಭಾಗ ಉಬ್ಬಿರುವುದನ್ನು ತೋರಿಸುತ್ತದೆ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರ ಎಡ ಹೃತ್ಕರ್ಣದಲ್ಲಿ ಕೂತ ಹೆಪ್ಪನ್ನೂ ಎಷ್ಟೋ ಸಲ ಹಿಡಿದುಕೊಡುತ್ತದೆ. ಅಂಥ ಹೆಪ್ಪು ಸಿಡಿದರೆ ಚಿಕ್ಕ ವಯಸ್ಸಿನವರಿಗೂ ಲಕ್ವಾ ಹೊಡೆಯುತ್ತದೆ.

ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಒಂದು ವಿಶೇಷ ಕಾನೂನಿನ ಚೌಕಟ್ಟಿದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಭ್ರೂಣದ ಲಿಂಗ ತಿಳಿಯಬಲ್ಲ ಯಾವ ಅಲ್ಟ್ರಾಸೌಂಡ್ ಯಂತ್ರವಾದರೂ ನೋಂದಣಿಯಾಗಬೇಕು. ಕೈಯಲ್ಲಿ ಹಿಡಿದು ಒಯ್ಯುವ ಯಂತ್ರಗಳ ಓಡಾಟಕ್ಕೆ 2012ರ ನಿಯಮಗಳು ಕಟ್ಟುಪಾಡು ಹಾಕಿವೆ. ಹೆಣ್ಣುಮಕ್ಕಳನ್ನು ಉಳಿಸಲು ಈ ಕಾಯ್ದೆ ಬೇಕೇ ಬೇಕು. ಅದರ ಜೊತೆಗೇ, ಕಾಲಿನ ಸಿರೆ ನೋಡಲೆಂದು ಪುಟ್ಟ ಯಂತ್ರವೊಂದನ್ನು ಆ್ಯಂಬುಲೆನ್ಸ್‌ನಲ್ಲೋ ಹಾಸಿಗೆಯ ಪಕ್ಕದಲ್ಲೋ ಇಟ್ಟುಕೊಳ್ಳುವುದು ಬೇರೆ ದೇಶಗಳಷ್ಟು ಸಲೀಸಲ್ಲ ಎಂಬುದನ್ನೂ ಒಪ್ಪಬೇಕು. ಸಿರೆ ನೋಡಲು ಸಾಕಾಗುವ, ಹೊಟ್ಟೆಯ ಆಳಕ್ಕೆ ತಲುಪದ ಪ್ರೋಬ್‌ಗಳಿಗೆ ಪ್ರತ್ಯೇಕ ವ್ಯವಸ್ಥೆ ಮಾಡಬಹುದೆಂಬ ಸಲಹೆ ಚರ್ಚೆಗೆ ಅರ್ಹ.

ಆಯುಧವಾಗಿ ಧ್ವನಿ

ನಾಳದೊಳಗೆ ತೂರಿಸುವ ಸಣ್ಣ ಕೊಳವೆಯಾದ ಕ್ಯಾತಿಟರ್ ಮೂಲಕ ಧ್ವನಿಶಕ್ತಿ ಹರಿಸಿ ಹೆಪ್ಪು ಒಡೆಯುವ ಪ್ರಯತ್ನಗಳು 1970ರ ದಶಕದ ಜರ್ಮನಿಯಲ್ಲಿ ಶುರುವಾದವು. ಆಗಿನದು ಉದ್ದನೆಯ ಲೋಹದ ತಂತಿಯನ್ನು ಸೆಕೆಂಡಿಗೆ ಕೆಲವು ಹತ್ತು ಸಾವಿರ ಸಲ ನಡುಗಿಸಿ ಅದರ ತುದಿಯಿಂದ ಹೆಪ್ಪನ್ನು ಪುಡಿಮಾಡುವ ವಿಧಾನ. ತುದಿಯ ಬಳಿ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಒಡೆತದ ಬಲ ಫೈಬ್ರಿನ್ ಎಳೆಗಳನ್ನು ಹರಿಯುತ್ತದೆ. ಬೈಪಾಸ್ ಆದವರ ಕಸಿನಾಳದ ಹೆಪ್ಪಿಗೆ ಇದನ್ನು ಬಳಸಿದ ಅಟ್ಲಾಸ್ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಿಗಿಂತ ಧ್ವನಿಚಿಕಿತ್ಸೆ ಪಡೆದವರಲ್ಲಿ ತೊಂದರೆ ಹೆಚ್ಚಿತ್ತು.

ಆಮೇಲೆ ಬಂದ ಯೋಚನೆ ಹೆಚ್ಚು ನಯವಾದದ್ದು. ಧ್ವನಿಯಿಂದ ಹೆಪ್ಪನ್ನು ಒಡೆಯಲು ಹೋಗದೆ, ಅದರ ಎಳೆಗಳನ್ನು ಸಡಿಲಿಸಿ ಔಷಧ ಒಳಗಿಳಿಯಲು ದಾರಿ ಮಾಡಿಕೊಡುವುದು. ಎಕೋಸ್ ಎಂಬ ಕ್ಯಾತಿಟರ್‌ನಲ್ಲಿ ಉದ್ದಕ್ಕೂ ಪುಟ್ಟ ಧ್ವನಿಜನಕಗಳಿವೆ, ಸುಮಾರು 20 ಲಕ್ಷ ಕಂಪನಗಳ ಕಡಿಮೆ ಶಕ್ತಿಯ ಧ್ವನಿ ಹೊಮ್ಮುತ್ತದೆ, ಪಕ್ಕದ ರಂಧ್ರಗಳಿಂದ ಔಷಧ ಹನಿಯುತ್ತದೆ. ಶ್ವಾಸಕೋಶದ ಹೆಪ್ಪಿಗೆ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಅನುಮತಿಸಿತು. ಅದೇ ವರ್ಷ ಪ್ರಕಟವಾದ ಅಲ್ಟಿಮಾ ಅಧ್ಯಯನದ 59 ರೋಗಿಗಳಲ್ಲಿ, ಹೃದಯದ ಬಲ ಹೃತ್ಕುಕ್ಷಿಯ ಅಗಲಕ್ಕೂ ಎಡದ್ದಕ್ಕೂ ಇರುವ ಅನುಪಾತ 24 ಗಂಟೆಗಳಲ್ಲಿ 1.28ರಿಂದ 0.99ಕ್ಕೆ ಇಳಿಯಿತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಒಂದನ್ನೇ ಪಡೆದವರಲ್ಲಿ 1.20ರಿಂದ 1.17ಕ್ಕೆ ಮಾತ್ರ. ಮರುವರ್ಷದ ಸಿಯಾಟಲ್ 2 ಅಧ್ಯಯನದಲ್ಲಿ 150 ರೋಗಿಗಳಿಗೆ 24 ಮಿಲಿಗ್ರಾಂ ಔಷಧ ಸಾಕಾಯಿತು. ರಕ್ತನಾಳಕ್ಕೆ ನೇರ ಚುಚ್ಚುವಾಗ ಕೊಡುವುದು 100 ಮಿಲಿಗ್ರಾಂ.

ಈ ಅಂಕಿಗಳನ್ನು ಓದಿ ಉತ್ಸಾಹಗೊಳ್ಳುವುದು ಸಹಜ. ಕೇಳಲೇಬೇಕಾದ ಪ್ರಶ್ನೆ ಬೇರೆಯಿತ್ತು: ಇಲ್ಲಿ ಕೆಲಸ ಮಾಡಿದ್ದು ಧ್ವನಿಯೇ, ಅಥವಾ ಹೆಪ್ಪಿನ ಒಳಗೇ ಔಷಧ ಹನಿಸಿದ ಕ್ರಮವೇ? ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ವೈದ್ಯರು 2015ರಲ್ಲಿ ಕಾಲಿನ ಹೆಪ್ಪಿನ 48 ರೋಗಿಗಳಿಗೆ ಒಂದೇ ಬಗೆಯ ಕ್ಯಾತಿಟರ್ ಹಾಕಿ ಅರ್ಧ ಜನಕ್ಕೆ ಮಾತ್ರ ಧ್ವನಿ ಚಾಲೂ ಮಾಡಿದರು. ಹೆಪ್ಪು ಕರಗಿದ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಶ್ವಾಸಕೋಶದ ಹೆಪ್ಪಿನ ಬಗ್ಗೆ 2021ರ ಸನ್‌ಸೆಟ್ ಅಧ್ಯಯನ 81 ರೋಗಿಗಳಲ್ಲಿ ಎಕೋಸ್ ಅನ್ನು ಸಾಮಾನ್ಯ ಕ್ಯಾತಿಟರ್ ಜೊತೆ ಹೋಲಿಸಿತು; ಅಲ್ಲಿಯೂ ಹೆಪ್ಪು ಕರಗುವುದರಲ್ಲಿ ಅಂತರ ಕಾಣಲಿಲ್ಲ. ಹಲವು ಪಟ್ಟು ಬೆಲೆಯ ಉಪಕರಣವನ್ನು ಸಾರ್ವಜನಿಕ ಹಣದಲ್ಲಿ ಕೊಳ್ಳುವ ಮುನ್ನ ಈ ಎರಡು ಚಿಕ್ಕ ಅಧ್ಯಯನಗಳನ್ನು ಓದಲೇಬೇಕು.

ಮಿದುಳಿನ ಹೆಪ್ಪಿನ ಕಥೆ ಇನ್ನೂ ಏರಿಳಿತದ್ದು. ಹ್ಯೂಸ್ಟನ್‌ನ ಆ್ಯಂಡ್ರೇ ಅಲೆಕ್ಸಾಂಡ್ರೋವ್ ತಂಡ 2004ರಲ್ಲಿ 126 ರೋಗಿಗಳ ಕಣತಲೆಯ ಮೇಲೆ ಮಾಮೂಲಿ ಡಾಪ್ಲರ್ ಪ್ರೋಬ್ ಹಿಡಿದು, ಔಷಧದ ಜೊತೆ ಎರಡು ಗಂಟೆ ಧ್ವನಿ ಹಾಯಿಸಿತು. ನಾಳ ಪೂರ್ತಿ ತೆರೆದವರು ಅಥವಾ ಬೇಗ ಚೇತರಿಸಿದವರು ಶೇ 49. ಧ್ವನಿಯಿಲ್ಲದವರಲ್ಲಿ ಶೇ 30. ಮರುವರ್ಷ ಜರ್ಮನಿಯ ಟ್ರಂಬಿ ಅಧ್ಯಯನದವರು ಸೆಕೆಂಡಿಗೆ 3 ಲಕ್ಷ ಕಂಪನಗಳ, ತಲೆಬುರುಡೆಯನ್ನು ಸುಲಭವಾಗಿ ದಾಟುವ ಧ್ವನಿ ಬಳಸಿದರು. ಧ್ವನಿ ಪಡೆದ 14 ಮಂದಿಯಲ್ಲಿ 13 ಜನರ ಮಿದುಳಿನಲ್ಲಿ ರಕ್ತಸ್ರಾವದ ಗುರುತು ಕಂಡಿತು, ಅಧ್ಯಯನ ಅಲ್ಲಿಗೇ ನಿಂತಿತು. ತಜ್ಞನ ಕೈ ಬೇಡದ, ತಲೆಗೆ ತೊಡಿಸುವ ಸಾಧನದಿಂದ 676 ರೋಗಿಗಳಲ್ಲಿ ಮಾಡಿದ ಕ್ಲಾಟ್‌ಬಸ್ಟ್-ಇಆರ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು: ಪ್ರಯೋಜನವಿಲ್ಲ. ತಾಲ್ಲೂಕು ಆಸ್ಪತ್ರೆಗಳಂಥ ಕಡೆಗೇ ಹೇಳಿಮಾಡಿಸಿದಂತಿದ್ದ ಸಾಧನ ಅದು. ಹಾಗಾಗಿ ಆ ಸೋಲು ಹೆಚ್ಚು ನೋಯಿಸುತ್ತದೆ.

ಇನ್ನೂ ಬಾಗಿಲು ಮುಚ್ಚದಿರುವ ಒಂದು ದಾರಿ ಬ್ರೆಜಿಲಿನದು. ಸಾವೊ ಪೌಲೊದ ಹೃದಯ ಸಂಸ್ಥೆಯಲ್ಲಿ ವಿಲ್ಸನ್ ಮಥಿಯಾಸ್ ತಂಡ 100 ಹೃದಯಾಘಾತ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ, ಎಕೋ ಚಿತ್ರ ಸ್ಪಷ್ಟವಾಗಲು ಬಳಸುವ ಸೂಕ್ಷ್ಮ ಗುಳ್ಳೆಗಳ ದ್ರವ ಚುಚ್ಚಿ, ಮಾಮೂಲಿ ಎಕೋ ಯಂತ್ರದಿಂದಲೇ ಜೋರಾದ ಧ್ವನಿಯ ಮಿಡಿತಗಳನ್ನು ಹಾಯಿಸಿತು. ಕ್ಯಾಥ್ ಲ್ಯಾಬ್‌ನಲ್ಲಿ ಮೊದಲ ಚಿತ್ರ ತೆಗೆಯುವ ಹೊತ್ತಿಗೆ ಅವರಲ್ಲಿ ಶೇ 48 ಜನರ ಧಮನಿ ಆಗಲೇ ತೆರೆದಿತ್ತು. ಉಳಿದವರಲ್ಲಿ ಶೇ 20. ಪ್ರಕಟವಾದದ್ದು 2019ರಲ್ಲಿ. ಹೊಸ ಯಂತ್ರ ಬೇಡದ ಈ ವಿಧಾನ ದೊಡ್ಡ ಪರೀಕ್ಷೆಗಳಲ್ಲೂ ಗೆದ್ದರೆ ಕಲಬುರಗಿಯಂಥ ಜಿಲ್ಲೆಗೆ ನಿಜವಾದ ಲಾಭ. ಔಷಧವೇ ಇಲ್ಲದೆ ಹೊರಗಿನಿಂದ ಧ್ವನಿಯನ್ನು ಕೇಂದ್ರೀಕರಿಸಿ ಹೆಪ್ಪನ್ನು ದ್ರವವಾಗಿಸುವ ಹಿಸ್ಟೋಟ್ರಿಪ್ಸಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹಂದಿಗಳ ಮೇಲೆ ಪರೀಕ್ಷೆಗೊಳಗಾಗಿದೆ. ಅದೇ ತಂತ್ರಕ್ಕೆ ಯಕೃತ್ತಿನ ಗಡ್ಡೆಗಳ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರಕಿತು.

ಲೇಸರ್

ಮೊದಲ ಲೇಸರ್‌ಗಳು ನಿರಂತರ ಬೆಳಕಿನವು. ಅವು ಹೆಪ್ಪನ್ನು ಸುಡುತ್ತಿದ್ದವು, ನಾಳದ ಗೋಡೆಯನ್ನೂ ಸುಟ್ಟು ತೂತು ಮಾಡುತ್ತಿದ್ದವು. ಸುಡದೆ ಕೊರೆಯುವ ಬೆಳಕನ್ನು ಕಂಡುಕೊಂಡವರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಅವರು, ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಂ 1981ರಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮಾಂಸದ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದಾಗ, ಅಕ್ಕಪಕ್ಕ ಕರಕಲಾಗದೆ ಶುಭ್ರವಾದ ಗೀರು ಮೂಡಿತು. ಕಣ್ಣಿನ ಲೇಸಿಕ್ ಶಸ್ತ್ರಚಿಕಿತ್ಸೆ ಇದರ ಫಲ. ಮೂವರಿಗೂ 2013ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದಿತು.

ರಕ್ತನಾಳಕ್ಕೆ ಬಳಸುವುದು 308 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಎಕ್ಸೈಮರ್. ಅಮೆರಿಕದಲ್ಲಿ ಕೊರೋನರಿ ಚಿಕಿತ್ಸೆಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಬೆಳಕಿನ ಎಳೆಗಳ ಕಟ್ಟೊಂದು ಒಂದೆರಡು ಮಿಲಿಮೀಟರ್ ದಪ್ಪದ ಕ್ಯಾತಿಟರ್‌ನಲ್ಲಿ ತುದಿಯವರೆಗೆ ಹೋಗುತ್ತದೆ. ಒಂದು ಮಿಡಿತ ಸೆಕೆಂಡಿನ ಕೋಟಿಭಾಗದ ಲೆಕ್ಕದ್ದು, ಕೊರೆಯುವ ಆಳ ಸುಮಾರು 50 ಮೈಕ್ರಾನ್. ಆಂಜಿಯೋಗ್ರಾಂಗೆ ಹಾಕುವ ಬಣ್ಣದ ದ್ರವ ಈ ಬೆಳಕನ್ನು ಹೀರಿ ಸಿಡಿಯುವುದರಿಂದ, ಮೊದಲು ಸಲೈನ್ ಹರಿಸಿ ನಾಳವನ್ನು ತೊಳೆದೇ ಲೇಸರ್ ಹಚ್ಚಬೇಕು. ಹೆಪ್ಪಿನ ಆವಿಯಾಗುವಿಕೆಯ ಜೊತೆ ಉಂಟಾಗುವ ಒತ್ತಡದ ಅಲೆ ಫೈಬ್ರಿನ್ ಎಳೆಗಳನ್ನೂ ಕಡಿಯುತ್ತದೆ. 2004ರಲ್ಲಿ ಪ್ರಕಟವಾದ ಕಾರ್ಮೆಲ್ ಅಧ್ಯಯನದಲ್ಲಿ 151 ಹೃದಯಾಘಾತದ ರೋಗಿಗಳಿಗೆ ಇದನ್ನು ಬಳಸಿದರು. ದೊಡ್ಡ ಹೆಪ್ಪಿದ್ದವರಲ್ಲಿ ಲೇಸರ್‌ನ ಪ್ರಯೋಜನ ಎದ್ದು ಕಂಡಿತು. ಆ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ ಎಂಬುದು ಅದರ ಮಿತಿ. ಈಗ ಪರಿಣತ ಕೇಂದ್ರಗಳಲ್ಲಿ ಈ ಲೇಸರ್‌ನ ಹೆಚ್ಚಿನ ಕೆಲಸ ಗಟ್ಟಿಯಾದ ತಡೆ, ಹಳೆಯ ಸ್ಟೆಂಟಿನೊಳಗಿನ ಬೆಳವಣಿಗೆ, ಕಾಲಿನ ಧಮನಿಗಳು ಮತ್ತು ಪೇಸ್‌ಮೇಕರ್ ತಂತಿ ಕಳಚುವುದು. ಹೆಪ್ಪಿಗೆ ಅದನ್ನು ಆಯ್ದ ರೋಗಿಗಳಲ್ಲಿ ಮಾತ್ರ ಹಿಡಿಯುತ್ತಾರೆ.

ಇನ್ನೊಂದು ಬಗೆ ಹಿಮೋಗ್ಲೋಬಿನ್ ಹೀರುವ ಬೆಳಕನ್ನೇ ಆರಿಸುವುದು. 480 ನ್ಯಾನೋಮೀಟರ್ ಆಸುಪಾಸಿನ ಮಿಡಿತದ ಬೆಳಕನ್ನು ಕೆಂಪು ಹೆಪ್ಪು ಹೀರುತ್ತದೆ, ಬಿಳಿಯ ನಾಳಗೋಡೆ ಅಷ್ಟಾಗಿ ಹೀರುವುದಿಲ್ಲ. ತರ್ಕ ಸೊಗಸಾಗಿದೆ, ಪ್ಲೇಟ್‌ಲೆಟ್ ತುಂಬಿದ ಬಿಳಿ ಹೆಪ್ಪಿಗೆ ಬಂದಾಗ ಅದೇ ತೊಡಕಾಗುತ್ತದೆ. ಮಿದುಳಿನ ಧಮನಿಗೆಂದು ಮಾಡಿದ ಎಪಾರ್ ಸಾಧನ ಲೇಸರ್ ಬೆಳಕನ್ನು ಕ್ಯಾತಿಟರ್ ತುದಿಯಲ್ಲೇ ಧ್ವನಿಶಕ್ತಿಯಾಗಿ ಬದಲಿಸುತ್ತಿತ್ತು. 2004ರಲ್ಲಿ ವರದಿಯಾದ 34 ರೋಗಿಗಳಲ್ಲಿ 14 ಜನರ ನಾಳ ತೆರೆಯಿತು. ಸ್ಟೆಂಟ್‌ನಂಥ ಜಾಲರಿಯಿಂದ ಹೆಪ್ಪನ್ನು ಹಿಡಿದೆಳೆಯುವ ವಿಧಾನ 2015ರ ಅಧ್ಯಯನಗಳಲ್ಲಿ ನಿರ್ವಿವಾದವಾಗಿ ಗೆದ್ದ ಮೇಲೆ ಮಿದುಳಿನೊಳಗೆ ಲೇಸರ್ ಹಿಡಿಯುವ ಮಾತು ತಣ್ಣಗಾಯಿತು.

ಕಾಲಿನ ಲೇಸರ್ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಕಲಬುರಗಿ, ಸೊಲ್ಲಾಪುರದಂಥ ನಗರಗಳಲ್ಲಿ ‘ಲೇಸರ್‌ನಿಂದ ನರದ ಚಿಕಿತ್ಸೆ’ ಎಂಬ ಮಾತು ಕೇಳಿಸಿದರೆ ಅದು ಸಾಮಾನ್ಯವಾಗಿ ವೆರಿಕೋಸ್ ವೇನ್ಸ್‌ಗೆ ಸಂಬಂಧಿಸಿದ್ದು. ದಿನವಿಡೀ ನಿಂತು ದುಡಿಯುವವರ ಕಾಲಿನ ಮೇಲ್ಪದರದ ಸಿರೆ ಉಬ್ಬಿ, ಪಾದದ ಗಂಟಿನ ಬಳಿ ಮಾಯದ ಹುಣ್ಣಾಗುವ ಕಾಯಿಲೆ ಅದು. ಅಲ್ಲಿ ಬಳಸುವ, ಹೆಚ್ಚಾಗಿ 1470 ನ್ಯಾನೋಮೀಟರಿನ ಲೇಸರ್ ಆ ಸಿರೆಯನ್ನು ಒಳಗಿನಿಂದ ಕಾಯಿಸಿ ಮುಚ್ಚಿಬಿಡುತ್ತದೆ. ಹೆಪ್ಪು ಕರಗಿಸುವ ಕೆಲಸ ಅದರದಲ್ಲ. ಒಳಸಿರೆಯಲ್ಲಿ ಹೆಪ್ಪಿರುವವರಿಗೆ ಆ ಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ, ಏಕೆಂದರೆ ಮೇಲಿನ ಸಿರೆ ಮುಚ್ಚಿದರೆ ರಕ್ತ ಮರಳುವ ದಾರಿ ಇನ್ನಷ್ಟು ಕಿರಿದಾಗುತ್ತದೆ. ಲೇಸರ್ ಮಾಡಿಸಿಕೊಂಡ ಕೆಲವರಲ್ಲಿ ಕಾವಿನಿಂದಲೇ ಒಳಸಿರೆಯ ಬಾಯಿಯಲ್ಲಿ ಪುಟ್ಟ ಹೆಪ್ಪು ಮೂಡುವುದರಿಂದ ಕೆಲವು ದಿನಗಳ ನಂತರ ಡಾಪ್ಲರ್ ಮಾಡಿಸುವುದು ಅಗತ್ಯ. ಕಾಲು ಒಮ್ಮೆಲೇ ಊದಿ ನೋಯುತ್ತಿದ್ದರೆ ಮೊದಲು ಬೇಕಾದದ್ದು ಡಾಪ್ಲರ್ ಪರೀಕ್ಷೆ. ಲೇಸರ್ ಬೇಕೇ ಎಂಬ ಮಾತು ಅದರ ನಂತರದ್ದು.

ಕ್ಯಾಥ್ ಲ್ಯಾಬ್‌ನಲ್ಲಿ ಬೆಳಕು ಕಣ್ಣಾಗಿಯೂ ದುಡಿಯುತ್ತಿದೆ. ಓಸಿಟಿ ಎಂಬ ವಿಧಾನದಲ್ಲಿ ಅವಕೆಂಪು ಬೆಳಕು ಧಮನಿಯೊಳಗೆ ತಿರುಗುತ್ತ ಬಂದು ಕೆಂಪು ಹೆಪ್ಪು, ಬಿಳಿ ಹೆಪ್ಪು, ಒಡೆದ ಕೊಬ್ಬಿನ ಪದರ ಇವನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಸ್ಟೆಂಟ್ ಸರಿಯಾಗಿ ಅರಳಿದೆಯೇ ಎಂದು ನೋಡಲು ಅದನ್ನೂ ಧ್ವನಿ ಆಧಾರಿತ ಐವಸ್ ಅನ್ನೂ ಬಳಸುತ್ತಾರೆ. ಈ ಬಳಕೆಗೆ ಬಲವಾದ ಪುರಾವೆ ಇದೆ.

ಎರಡೂ ಕೂಡಿದಾಗ, ಮತ್ತು ಬಾಣಂತಿಯರ ಮಿದುಳಿನ ಹೆಪ್ಪು

ಲೇಸರ್ ಮತ್ತು ಅಲ್ಟ್ರಾಸೌಂಡನ್ನು ಒಟ್ಟಿಗೇ ಹಾಯಿಸುವ ಪ್ರಯೋಗ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಲೇಸರ್ ಮಿಡಿತ ಹೆಪ್ಪಿನೊಳಗೆ ಗುಳ್ಳೆಗಳ ಬೀಜ ಹುಟ್ಟಿಸುತ್ತದೆ, ಅದೇ ಕ್ಷಣಕ್ಕೆ ಬಂದ ಧ್ವನಿ ಆ ಗುಳ್ಳೆಗಳನ್ನು ದೊಡ್ಡದು ಮಾಡಿ ಒಡೆಯುತ್ತದೆ. ಒಂದೊಂದೇ ಬಳಸಿದಾಗ ಬೇಕಾಗುವುದಕ್ಕಿಂತ ಕಡಿಮೆ ಶಕ್ತಿಯಲ್ಲಿ ಹೆಪ್ಪು ಒಡೆಯುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ರೋಗಿಗಳ ತನಕ ಬರಲು ಇದಕ್ಕೆ ದೂರ ದಾರಿಯಿದೆ.

ನಾರ್ತ್ ಕ್ಯಾರೊಲಿನಾ ಮತ್ತು ಜಾರ್ಜಿಯಾದ ಎಂಜಿನಿಯರುಗಳು 2023ರಲ್ಲಿ ಸುಳಿಯಾಗಿ ತಿರುಗುವ ಅಲ್ಟ್ರಾಸೌಂಡ್ ಒಂದನ್ನು ವರದಿ ಮಾಡಿದರು. ಕ್ಯಾತಿಟರ್ ತುದಿಯ ನಾಲ್ಕು ಧ್ವನಿಜನಕಗಳು ತಿರುಚಿದ ಅಲೆಯನ್ನು ಹೊಮ್ಮಿಸಿ ಹೆಪ್ಪನ್ನು ಕಡೆಯುತ್ತವೆ. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ರೋಗ ಮಿದುಳಿನ ಸಿರೆಗಳ ಹೆಪ್ಪು. ಪ್ರಯೋಗಾಲಯದ ಮಾದರಿಯಲ್ಲಿ ಅರ್ಧ ಗಂಟೆಯೊಳಗೆ ನಾಳ ತೆರೆಯಿತು.

ಈ ರೋಗದ ಪರಿಚಯ ಕರ್ನಾಟಕಕ್ಕೆ ಚೆನ್ನಾಗಿದೆ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ತೀವ್ರ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲುವುದು ಇದರ ಲಕ್ಷಣ. ಹೆರಿಗೆಯ ಕಾಲದಲ್ಲಿ ರಕ್ತದ ಹೆಪ್ಪುಗಟ್ಟುವ ಗುಣ ಏರಿರುತ್ತದೆ; ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ, ರಕ್ತಹೀನತೆ, ಬಿರುಬೇಸಿಗೆ ಅದರ ಜೊತೆ ಸೇರಿದರೆ ಅಪಾಯ ಕೂಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿ. ನಾಗರಾಜ ಅವರ ತಂಡ ದಶಕಗಳ ಕಾಲ ಇಂಥ ತಾಯಂದಿರನ್ನು ಅಧ್ಯಯನ ಮಾಡಿತು. ಕಡಿಮೆ ಪ್ರಮಾಣದ ಹೆಪಾರಿನ್ ಅವರಿಗೆ ಪ್ರಯೋಜನಕಾರಿ ಎಂದು 1999ರಲ್ಲಿ ವರದಿ ಮಾಡಿತು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು ಸೇರಿದಂತೆ ನರರೋಗಗಳ ಆರೈಕೆಯನ್ನು ಜಿಲ್ಲಾ ಆಸ್ಪತ್ರೆಗಳಿಗೆ ತರುವ ಉದ್ದೇಶದ್ದು. ಆಳಂದದ ಹಳ್ಳಿಯೊಂದರ ಬಾಣಂತಿಗೆ ತಲೆನೋವು ಬಂದಾಗ ಅದನ್ನು ಸುಸ್ತೆಂದೋ ಗಾಳಿಸೋಕೆಂದೋ ಬಿಡದೆ, ಆಶಾ ಕಾರ್ಯಕರ್ತೆ 108ಕ್ಕೆ ಕರೆ ಮಾಡಿ ಕಲಬುರಗಿಯಲ್ಲಿ ಸಿ.ಟಿ. ಅಥವಾ ಎಂಆರ್‌ಐ ಆಗುವಂತೆ ನೋಡಿಕೊಂಡರೆ, ಮುಂದಿನ ಚಿಕಿತ್ಸೆ ಬಹುಮಂದಿಗೆ ಹೆಪಾರಿನ್ ಚುಚ್ಚುಮದ್ದು ಮತ್ತು ಕೆಲವು ತಿಂಗಳ ಮಾತ್ರೆ. ಕ್ಯಾತಿಟರ್ ಬೇಕಾಗುವುದು ಹೆಪಾರಿನ್‌ಗೂ ಬಗ್ಗದೆ ಹದಗೆಡುತ್ತಿರುವ ಕೆಲವರಿಗೆ. ಸುಳಿಯಲೆಯ ಸಾಧನ ಎಂದಾದರೂ ಆಸ್ಪತ್ರೆಗೆ ಬಂದರೆ ಅದು ಬೇಕಾಗುವುದೂ ಅವರಿಗೇ.

ಮಾತ್ರೆ ನುಂಗುವ ತಿಂಗಳುಗಳಲ್ಲಿ ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಪಿಟಿ-ಐಎನ್‌ಆರ್ ಪರೀಕ್ಷೆ ಆಗಾಗ ಆಗಬೇಕು. ಅಸಿಟ್ರಾಂ, ವಾರ್ಫರಿನ್ ತೆಗೆದುಕೊಳ್ಳುವ ಕವಾಟದ ರೋಗಿಗಳಿಗೂ ಇದೇ ಪರೀಕ್ಷೆ ಬದುಕಿಡೀ ಬೇಕು. ಬಿಪಿಎಲ್ ಕುಟುಂಬಗಳ ದೊಡ್ಡ ಚಿಕಿತ್ಸೆಗೆ ಹಣ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಅಂದಿನ ಗುಲ್ಬರ್ಗ ವಿಭಾಗದಲ್ಲೇ. ರಾಜ್ಯದ ಉತ್ತರ ಭಾಗದಲ್ಲಿ ಯೋಜನೆ ಬಂದಿದ್ದ ಹಳ್ಳಿಗಳನ್ನು ಇನ್ನೂ ಬಾರದ ಪಕ್ಕದ ಹಳ್ಳಿಗಳ ಜೊತೆ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾಗುವ ಸಾವು ಶೇ 64ರಷ್ಟು ಕಡಿಮೆಯಿದ್ದುದನ್ನು ದಾಖಲಿಸಿತು. ಆ ಯೋಜನೆ ಈಗ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಸೇರಿದೆ. ಸ್ಟೆಂಟ್‌ಗೆ, ಕವಾಟಕ್ಕೆ ಹಣ ಕೊಡುವ ವ್ಯವಸ್ಥೆ ಅದರ ನಂತರದ ಐಎನ್‌ಆರ್ ಪರೀಕ್ಷೆಯನ್ನೂ ಆಳಂದ, ಅಫಜಲಪುರ, ಜೇವರ್ಗಿಯ ಪ್ರಯೋಗಾಲಯಗಳಲ್ಲೇ ತಪ್ಪದೆ, ಉಚಿತವಾಗಿ ಒದಗಿಸಬೇಕು. ಒಂದು ರಕ್ತಪರೀಕ್ಷೆಗೆಂದು ದಿನದ ಕೂಲಿ ಬಿಟ್ಟು ಕಲಬುರಗಿಗೆ ಬಸ್ ಹತ್ತಬೇಕಾದವರು ಪರೀಕ್ಷೆಯನ್ನೇ ಬಿಡುತ್ತಾರೆ, ಹೆಪ್ಪು ಮರಳಿ ಕಟ್ಟುತ್ತದೆ.